ಲೈನ್ ಮನೆಯೋ ಸಾಲುಮನೆಯೋ: ‘ಲೈನ್’ ಪದದ ಅರ್ಥಗಳ ಕುರಿತು ಒಂದು ವಿಚಾರಣೆ

ಕೊಡಗಿನಲ್ಲಿ ನಮ್ಮ ಕಡೆಯ ಪ್ರೌಢಶಾಲೆಯೊಂದರ ವಾರ್ಷಿಕ ಸಂಚಿಕೆಯ ಕರಡು ತಿದ್ದುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರಬಂಧದ ಮೊದಲ ವಾಕ್ಯ ‘ನಾವು ಸಿದ್ದಾಪುರದ ಹತ್ತಿರ ಒಂದು ತೋಟದ ಲೈನ್ ಮನೆಯಲ್ಲಿ ಇದ್ದೇವೆ’ ಎಂದಿತ್ತು. ಮುದ್ರಣಾಲಯದಿಂದ ಬಂದ ಮೊದಲ ಕರಡಿನಲ್ಲಿ ಅದು ‘ಐನ್ ಮನೆ’ ಆಗಿತ್ತು. ಅಕ್ಷರ ಜೋಡಿಸಿದವರು ಹೊರಜಿಲ್ಲೆಯವರು. ಕೊಡಗಿನಲ್ಲಿ ಐನ್‌ಮನೆ ಎಂಬುದೊಂದು ಇದೆಯೆಂದು ಎಲ್ಲಿಯೋ ಓದಿದ್ದವರು, ಹುಡುಗಿ ಕೈತಪ್ಪಿ ಬರೆದಿದ್ದಾಳೆಂದು ತಿಳಿದು ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದರು. ನಾನು ಮೊದಲಿನಂತೆ ಮಾಡಿ ಕಳುಹಿಸಿದೆ. ಎರಡನೆಯ ಕರಡನ್ನು ನೋಡಿದ ಸಂಪಾದಕ ಮಂಡಳಿಯ ಹಿರಿಯರೊಬ್ಬರು ‘ಲೈನ್’ ಎಂಬುದರ ಅಡಿಯಲ್ಲಿ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ಸಾಲುಮನೆ’ ಎಂದು ಬರೆದು, ಕನ್ನಡವಿರುವಾಗ ಇಂಗ್ಲಿಷ್ ಏಕೆ ಎಂದು ಕೇಳಿದರು. ಮೂರು ಮನೆಗಳಲ್ಲಿ ಯಾವುದು ಅಚ್ಚಾಗಬೇಕೆಂಬುದು ಈಗಿನ ಪ್ರಶ್ನೆ.

ಐನ್‌ಮನೆಯನ್ನು ಬೇಗ ಬಿಟ್ಟುಬಿಡಬಹುದು. ಅದು ಒಂದು ಒಕ್ಕದವರೆಲ್ಲರಿಗೂ, ಅಂದರೆ ಒಂದೇ ಮನೆತನದವರೆಲ್ಲರಿಗೂ, ಸೇರಿದ ಮೂಲಮನೆ. ಗದ್ದೆಬಯಲಿಗೆ ತಾಗಿದ ಎತ್ತರದ ಜಾಗದಲ್ಲಿ ಒಂಟಿಯಾಗಿ ನಿಂತಿರುತ್ತದೆ, ಅದನ್ನು ಸೇರಲು ಓಣಿಯೊಂದು ಇರುತ್ತದೆ, ದೂರದ ಊರಿನಲ್ಲಿ ನೆಲೆಸಿದವರೂ ಹಬ್ಬಕ್ಕೆ ಅಲ್ಲಿಗೇ ಬರುತ್ತಾರೆ. ಲೈನ್ ಮನೆ ಎಂದರೆ ಒಂದೇ ಉದ್ದನೆಯ ಸೂರಿನ ಕೆಳಗೆ ಗೋಡೆ ಹಾಕಿ ಬೇರ್ಪಡಿಸಿದ ಬಿಡಾರಗಳು, ಎಲ್ಲಕ್ಕೂ ಸೇರಿ ಮುಂದೊಂದು ಜಗಲಿ. ಕೆಲಸ ಇರುವವರೆಗೆ ಮಾತ್ರ ಮನೆ. ಒಂದಕ್ಷರ ಬದಲಾದರೆ ಹುಡುಗಿಯ ಮನೆತನವೇ ಬದಲಾಗುತ್ತದೆ.

‘ಸಾಲುಮನೆ’ಯ ವಿಚಾರ ಅಷ್ಟು ಸುಲಭವಲ್ಲ. ಅದಕ್ಕೆ ‘ಲೈನ್’ ಎಲ್ಲಿಂದ ಬಂತೆಂದು ಸ್ವಲ್ಪ ನೋಡಬೇಕು. ಅದರ ಬೇರು ಲ್ಯಾಟಿನ್ನಿನ ಲೀನುಮ್, ಅಂದರೆ ಅಗಸೆ; ಅಗಸೆ ನಾರಿನಿಂದ ಹೊಸೆದ ದಾರ ಲೀನಿಯಾ. ದಾರವನ್ನು ಎಳೆದು ಹಿಡಿದರೆ ಗೆರೆ ಕಾಣುತ್ತದೆ, ಗೆರೆಯ ಮೇಲೆ ಒಂದರ ಪಕ್ಕ ಒಂದನ್ನು ಇಟ್ಟರೆ ಸಾಲಾಗುತ್ತದೆ, ದಾರದ ಬದಲು ಲೋಹ ಎಳೆದರೆ ತಂತಿಯಾಗುತ್ತದೆ, ಗೆರೆ ಹಿಡಿದು ಹೊರಟರೆ ದಾರಿಯಾಗುತ್ತದೆ; ಇಂಗ್ಲಿಷಿನಲ್ಲಿ ಈ ಪದ ಹೊತ್ತಿರುವ ಹತ್ತಾರು ಅರ್ಥಗಳು ಬಹುಮಟ್ಟಿಗೆ ಹೀಗೆ ಒಂದರಿಂದೊಂದು ಕವಲೊಡೆದವು. ಲಿನನ್ ಬಟ್ಟೆಯೂ ಇದೇ ಬೇರಿನದು. ರವಿಕೆ ಹೊಲಿಯಲು ಕೊಟ್ಟಾಗ ದರ್ಜಿ ‘ಲೈನಿಂಗ್ ಹಾಕಬೇಕಾ?’ ಎಂದು ಕೇಳುತ್ತಾನಲ್ಲ, ಆ ಲೈನಿಂಗಿಗೂ ಗೆರೆಗೂ ಸಂಬಂಧವಿಲ್ಲ. ಉಡುಪಿನ ಒಳಮೈಗೆ ಅಗಸೆ ಬಟ್ಟೆ ಕೊಡುತ್ತಿದ್ದುದರಿಂದ ಬಂದ ಹೆಸರದು.

ಮನೆಯ ಅರ್ಥ ಬಂದದ್ದು ಸೈನ್ಯದ ಕಡೆಯಿಂದ. ಬ್ರಿಟಿಷರ ದಂಡಿನಲ್ಲಿ ಸಿಪಾಯಿಗಳ ಗುಡಿಸಲುಗಳನ್ನು ಸಾಲಾಗಿ ಹಾಕಿ, ಆ ಜಾಗವನ್ನು ‘ಲೈನ್ಸ್’ ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಪೊಲೀಸ್ ಲೈನ್, ಸಿವಿಲ್ ಲೈನ್ಸ್ ಎಂಬ ಹೆಸರುಗಳು ಈಗಲೂ ಉಳಿದಿವೆ. ಕೊಡಗು ಬ್ರಿಟಿಷರ ವಶವಾದದ್ದು 1834ರಲ್ಲಿ. ಸುಮಾರು 20 ವರ್ಷಗಳ ನಂತರ ಮಡಿಕೇರಿಯ ಬಳಿ ಯುರೋಪಿಯನ್ನರ ಕಾಫಿ ತೋಟಗಳು ಆರಂಭವಾದವು. ಹೊರಗಿನಿಂದ ಆಳುಗಳು ಬಂದರು, ಅವರಿಗೆ ಕಟ್ಟಿದ ಬಿಡಾರಗಳಿಗೆ ‘ಕೂಲಿ ಲೈನ್ಸ್’ ಎಂಬ ಹೆಸರು ದಂಡಿನಿಂದ ತೋಟಕ್ಕೆ ನಡೆದುಬಂತು. 1951ರ ತೋಟ ಕಾರ್ಮಿಕರ ಕಾಯ್ದೆ ತೋಟದಲ್ಲೇ ಉಳಿಯುವ ಕಾರ್ಮಿಕರಿಗೆ ಮನೆ ಒದಗಿಸುವುದನ್ನು ಮಾಲೀಕರ ಹೊಣೆಯಾಗಿಸಿತು. ‘ಕೂಲಿ’ ಎಂಬುದು ಹೆಸರಿನಿಂದ ಕ್ರಮೇಣ ಉದುರಿಹೋಯಿತು, ‘ಲೈನ್’ ಉಳಿಯಿತು. ಇಲ್ಲಿ ಗಮನಿಸಬೇಕಾದದ್ದು, ಆ ಬಹುವಚನದ ಬಾಲವನ್ನು ಕತ್ತರಿಸಿ, ಮುಂದೆ ‘ಮನೆ’ ಎಂಬ ಅಚ್ಚಗನ್ನಡ ಪದವನ್ನು ಕಟ್ಟಿದವರು ಇಲ್ಲಿಯವರು. ‘ಲೈನ್ ಮನೆ’ ಎಂಬುದು ಸಾಹೇಬರು ಕೊಟ್ಟದ್ದಲ್ಲ, ಜಗಲಿಯ ಮೇಲೆ ಕುಳಿತವರು ಮಾಡಿಕೊಂಡದ್ದು.

ಹಿರಿಯರ ಮಾತಿಗೆ ನನ್ನ ಮೊದಲ ಆಕ್ಷೇಪ ಇದು: ಸಾಲಾಗಿರುವ ಮನೆಗಳೆಲ್ಲ ಲೈನ್ ಮನೆಗಳಲ್ಲ. ಅಗ್ರಹಾರದ ಮನೆಗಳೂ ಸಾಲುಮನೆಗಳೇ, ಪೇಟೆಯ ಹಳೆಯ ಬೀದಿಯ ಮನೆಗಳೂ ಸಾಲುಮನೆಗಳೇ. ‘ಸಾಲುಮನೆ’ ಎಂಬುದು ಕಟ್ಟಡದ ಆಕಾರವನ್ನಷ್ಟೇ ಹೇಳುತ್ತದೆ. ‘ಲೈನ್ ಮನೆ’ ತೋಟವನ್ನೂ, ಲೆಕ್ಕ ಬರೆಯುವ ರೈಟರನ್ನೂ, ಮೇಸ್ತ್ರಿಯನ್ನೂ, ವಾರದ ಬಟವಾಡೆಯನ್ನೂ ಸೇರಿಸಿಕೊಂಡು ಹೇಳುತ್ತದೆ. ಅಲ್ಲದೆ ಈ ಎರಡು ಪದಗಳು ಒಂದರ ಮೇಲೊಂದು ಸರಿಯಾಗಿ ಕೂರುವುದೂ ಇಲ್ಲ. ನೇಗಿಲ ಸಾಲು, ಕವಿತೆಯ ಸಾಲು, ಸಾಲುಮರ ಇವುಗಳವರೆಗೆ ಎರಡೂ ಜೊತೆಯಲ್ಲಿ ನಡೆಯುತ್ತವೆ. ಆದರೆ ‘ಪ್ರಸಕ್ತ ಸಾಲಿನ ಆಯವ್ಯಯ’ ಎಂದಾಗ ನಮ್ಮ ಸಾಲು ವರ್ಷದ ಅರ್ಥ ಪಡೆಯುತ್ತದೆ, ಅಲ್ಲಿಗೆ ಲೈನ್ ಬರಲಾರದು. ಕಂಬದ ಮೇಲಿನ ತಂತಿಗೆ ಲೈನ್ ಸಲ್ಲುತ್ತದೆ, ಅಲ್ಲಿಗೆ ಸಾಲು ಬರಲಾರದು.

ಎರಡನೆಯ ಆಕ್ಷೇಪಕ್ಕೆ ನಮ್ಮ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಕಳೆದ ಸಲ ನಡೆದ ಒಂದು ಸಂಗತಿಯನ್ನು ಹೇಳಬೇಕು. ಮೂರು ದಿನದಿಂದ ಬಿಡದೆ ಮಳೆ ಹೊಡೆಯುತ್ತಿತ್ತು. ಬೆಳಿಗ್ಗೆ ನೆರೆಯ ತೋಟದ ಮೇಸ್ತ್ರಿ ಮಳೆಗೆ ಹೊದೆಯುವ ಗೊರಬೆ ನೆನೆದಿದ್ದಂತೆಯೇ ನಮ್ಮ ಅಂಗಳಕ್ಕೆ ಬಂದು, ‘ಸಾರ್, ಲೈನಿನ ಹಿಂದೆ ಲೈನ್ ಮೇಲೆ ಸಿಲ್ವರ್ ಮರ ಬಿದ್ದಿದೆ, ಲೈನ್‌ಮ್ಯಾನ್ ಲೈನಿಗೇ ಸಿಕ್ತಿಲ್ಲ’ ಎಂದರು. ಒಂದೇ ಉಸಿರಿನಲ್ಲಿ ನಾಲ್ಕು ಲೈನುಗಳು: ಮನೆ, ವಿದ್ಯುತ್ ತಂತಿ, ತಂತಿಯ ಕೆಲಸಗಾರ, ದೂರವಾಣಿ ಸಂಪರ್ಕ. ನನಗಾಗಲಿ, ಒಳಗೆ ಕಾಫಿ ಕಾಯಿಸುತ್ತಿದ್ದ ಮನೆಯವರಿಗಾಗಲಿ ಯಾವ ಗೊಂದಲವೂ ಆಗಲಿಲ್ಲ. (ಲೈನ್‌ಮ್ಯಾನ್‌ಗೆ ಇಲಾಖೆಯಲ್ಲಿ ಈಗ ಪವರ್‌ಮ್ಯಾನ್ ಎನ್ನುತ್ತಾರೆ, ಮರ ಬಿದ್ದಾಗ ಯಾರೂ ಹಾಗೆ ಕೂಗುವುದಿಲ್ಲ.)

ಇಂಗ್ಲಿಷಿನಲ್ಲಿ ಇಂತಹ ಕಡೆ ‘ಇನ್’, ‘ಆನ್’ ಎಂಬ ಸಣ್ಣ ಪದಗಳು ಅರ್ಥವನ್ನು ಬೇರ್ಪಡಿಸಲು ನೆರವಾಗುತ್ತವೆ. ನಮ್ಮ ಸಪ್ತಮಿ ವಿಭಕ್ತಿ ಒಂದೇ. ‘ಲೈನಿನಲ್ಲಿದ್ದಾರೆ’ ಎಂದರೆ ತೋಟದ ಬಿಡಾರದಲ್ಲಿ ವಾಸವಿದ್ದಾರೆ ಎಂದೂ, ಫೋನಿನ ಆ ಬದಿಯಲ್ಲಿ ಕಾಯುತ್ತಿದ್ದಾರೆ ಎಂದೂ, ರೇಷನ್ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದಾರೆ ಎಂದೂ ಆಗಬಹುದು. ಕನ್ನಡ ಆ ಕೆಲಸವನ್ನು ಹೆಚ್ಚಾಗಿ ಕ್ರಿಯಾಪದಕ್ಕೆ ಒಪ್ಪಿಸಿದೆ. ತಂತಿಯಾದರೆ ಲೈನ್ ಎಳೆಯುತ್ತಾರೆ. ಕಾಫಿ ಗಿಡ ನೆಡುವ ಮುನ್ನ ಹಗ್ಗ ಹಿಡಿದು ಗೂಟ ಊರಲು ಲೈನ್ ಹಾಕುತ್ತಾರೆ. ಫೋನಾದರೆ ಲೈನ್ ಸಿಗುತ್ತದೆ ಅಥವಾ ಕಟ್ಟಾಗುತ್ತದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಲೈನಾಗಿ ನಿಲ್ಲುತ್ತಾರೆ. ಬಸ್ ನಿಲ್ದಾಣದಲ್ಲಿ ನಿಂತ ಹುಡುಗ ಹುಡುಗಿಯ ಕಡೆ ನೋಡಿದರೆ ಮಾತ್ರ ಲೈನ್ ಹೊಡೆಯುತ್ತಾನೆ. ಈ ಕೊನೆಯ ಬಳಕೆಯನ್ನು ಸಂಚಿಕೆಗೆ ಸೇರಿಸುವ ಉದ್ದೇಶ ನನಗಿಲ್ಲ. ಪದ ಒಂದು, ಕ್ರಿಯೆ ಹಲವು. ಈ ಜೋಡಣೆಗಳಲ್ಲಿ ಹೆಚ್ಚಿನವನ್ನು ಇಂಗ್ಲಿಷಿಗೆ ಮರಳಿಸಲು ಹೊರಟರೆ ಆಗುವುದಿಲ್ಲ. ಲೈನ್ ಈಗ ಕನ್ನಡದ್ದೇ ಪದ ಎಂಬುದು ನನ್ನ ಎರಡನೆಯ ಆಕ್ಷೇಪ.

ಕೆಲವು ಬಳಕೆಗಳು ವಸ್ತು ಇಲ್ಲದೆಯೂ ಬಂದಿವೆ. ನಮ್ಮ ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ರೈಲಿನ ಕಂಬಿಗಳು ಬಂದಿರುವುದು ಕಾಡಂಚಿನಲ್ಲಿ ಆನೆ ತಡೆಯುವ ಬೇಲಿಯಾಗಿ ಮಾತ್ರ. ಆದರೂ ರೈಲ್ವೆಯವರ ‘ಲೈನ್ ಕ್ಲಿಯರ್’ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ: ಮದುವೆಗೆ ಹೆಣ್ಣಿನ ಕಡೆಯವರು ಒಪ್ಪಿದರೆ ಲೈನ್ ಕ್ಲಿಯರ್. ಹಾಕಿ ಮೈದಾನದಲ್ಲಿ ಹಿರಿಯರು ಇನ್ನೂ ‘ಟ್ವೆಂಟಿಫೈವ್ ಲೈನ್’ ಎನ್ನುತ್ತಾರೆ. 25 ಗಜವೆಂದರೆ 22.86 ಮೀಟರ್, ನಿಯಮ ಪುಸ್ತಕ ಅದನ್ನು 23 ಮೀಟರ್ ಗೆರೆ ಎಂದು ಕರೆದು ಎಷ್ಟೋ ಕಾಲವಾಯಿತು. ಅಲ್ಲಿ ‘ಗೆರೆ’ ಎಂದರೂ ನಡೆಯುತ್ತದೆ, ನಾನು ‘ಗೆರೆ’ ಎಂದೇ ತಿದ್ದುತ್ತೇನೆ. ಕನ್ನಡ ಪದ ಪೂರ್ತಿ ಹೊಂದುವ ಕಡೆ ಅದನ್ನು ಬಿಡಬೇಕೆಂಬುದು ನನ್ನ ವಾದವಲ್ಲ.

ಹಿರಿಯರ ಇನ್ನೊಂದು ಮಾತನ್ನು ತಳ್ಳಿಹಾಕುವಂತಿಲ್ಲ. ‘ಲೈನಿನವರು’ ಎಂಬುದನ್ನು ಕೀಳಾಗಿ ನುಡಿಯುವವರಿದ್ದಾರೆ. ಮಗುವಿನ ಹೆಸರಿನೊಂದಿಗೆ ಅದು ಅಚ್ಚಾಗುವುದು ಬೇಡವೆಂಬ ಕಾಳಜಿ ಅವರದು. ಆದ್ದರಿಂದ ಹುಡುಗಿಯನ್ನೇ ಕರೆದು ಕೇಳಿದೆ. ಅವಳು ಕರಡನ್ನು ಓದಿ, ‘ಸಾಲುಮನೆ ಅಂದ್ರೆ ಯಾರ ಮನೆ ಸಾರ್?’ ಎಂದಳು.

ತಿಳಿದವರಿಂದ ಎರಡು ವಿಷಯಗಳಿಗೆ ಉತ್ತರ ಬಯಸುತ್ತೇನೆ. ಮುನ್ನಾರಿನ ಚಹಾ ತೋಟಗಳ ಕಡೆ ಇದೇ ಬಿಡಾರಗಳಿಗೆ ‘ಲಯಂ’ ಎನ್ನುತ್ತಾರೆ, ಶ್ರೀಲಂಕಾದ ಮಲೆನಾಡಿನ ತಮಿಳರು ‘ಲಯನ್’ ಎನ್ನುತ್ತಾರೆ. ಕನ್ನಡದಲ್ಲಿ ಕುದುರೆ ಕಟ್ಟುವ ಜಾಗ ‘ಲಾಯ’. ಲೈನ್ ಪದ ನಾಲಿಗೆಯಲ್ಲಿ ತಿರುಗುವಾಗ ಈ ಲಾಯದ ನೆರಳು ಅದರ ಮೇಲೆ ಬಿದ್ದಿರಬಹುದೇ? ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಲಾಯ ಎಂದು ಕರೆದದ್ದನ್ನು ಯಾರಾದರೂ ಕಿವಿಯಾರೆ ಕೇಳಿದ್ದರೆ ತಿಳಿಸಬೇಕು. ಎರಡನೆಯದಾಗಿ, ಐನ್‌ಮನೆಯನ್ನು ಕೂಡಿಸಿ ಬರೆಯುವ ನಾವು ಲೈನ್ ಮನೆಯನ್ನು ಬಿಡಿಸಿ ಬರೆಯುವುದು ಸರಿಯೇ? ಮೂರನೆಯ ಕರಡು ಸೋಮವಾರ ಮುದ್ರಣಾಲಯಕ್ಕೆ ಹೋಗುತ್ತದೆ. ಅದರಲ್ಲಿ ಸದ್ಯಕ್ಕೆ ಹುಡುಗಿ ಬರೆದಂತೆಯೇ ಬಿಟ್ಟಿದ್ದೇನೆ.