ಡಚ್ ಚಿತ್ರಹಾಳೆಯ ‘ಅಸ್‌ಮನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

19ನೇ ಶತಮಾನದ ಡಚ್ ಚಿತ್ರಹಾಳೆಗಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಹೊಸವರ್ಷ ಬಂತೆಂದರೆ ಊರಿನ ದೀಪ ಹಚ್ಚುವವರು, ರಾತ್ರಿ ಕಾವಲುಗಾರರು, ಕಸ ಒಯ್ಯುವವರು ಮನೆಮನೆಗೆ ಹೋಗಿ ಇಂಥ ಹಾಳೆ ಕೊಡುತ್ತಿದ್ದರು. ಅದರಲ್ಲಿ ಒಂದು ಚಿತ್ರ, ಜೊತೆಗೆ ಶುಭಾಶಯದ ಪದ್ಯ. ಮನೆಯವರು ಒಂದಿಷ್ಟು ಕಾಸು ಕೊಡುತ್ತಿದ್ದರು. ನಮ್ಮ ದೀಪಾವಳಿ ಇನಾಮಿನ ಹಾಗೆಯೇ, ಅದಕ್ಕೇ ‘ಇನಾಮು’ ಎಂದೇ ಬರೆದಿದ್ದೇನೆ.

ತೊಡಕಿರುವುದು ‘ಅಸ್‌ಮನ್’ ಪದದಲ್ಲಿ. ‘ಅಸ್’ ಅಂದರೆ ಬೂದಿ. ಆಗ ಡಚ್ಚರ ಒಲೆಗಳಲ್ಲಿ ಪೀಟ್ ಉರಿಯುತ್ತಿತ್ತು, ಅಂದರೆ ಜೌಗು ನೆಲದಿಂದ ಅಗೆದು ಒಣಗಿಸಿದ ಹೆಂಟೆ. ಅದರ ಬೂದಿ ದಿನಾ ರಾಶಿ ಬೀಳುತ್ತಿತ್ತು. ಹಾಗಾಗಿ ಮನೆಯ ಕಸ ಒಯ್ಯುವವನೇ ಬೂದಿಯವನು. ಈ ಬೂದಿ, ಕಸ ಸುಮ್ನೆ ಎಸೆಯುವ ವಸ್ತುವೂ ಆಗಿರಲಿಲ್ಲ. ಗ್ರೋನಿಂಗನ್ ನಗರ ತನ್ನ ಕಸ, ಮಲ, ಬೂದಿ ಸೇರಿಸಿ ಗೊಬ್ಬರ ಮಾಡಿ ಮಾರುತ್ತಿತ್ತು. ಪೀಟ್ ತಂದ ದೋಣಿಗಳೇ ವಾಪಸು ಹೋಗುವಾಗ ಆ ಗೊಬ್ಬರ ಒಯ್ಯುತ್ತಿದ್ದವು. ಪೀಟ್ ಅಗೆದು ಬರಿದಾದ ನೆಲ ಅದರಿಂದ ಹೊಲವಾಯಿತು.

‘ಪೌರಕಾರ್ಮಿಕ’ ಎಂದರೆ ಗೌರವ ಉಳಿಯುತ್ತದೆ, ಆದರೆ ಬೂದಿ ಕಾಣೆಯಾಗುತ್ತದೆ. ‘ಜಾಡಮಾಲಿ’ ಬೇಡವೇ ಬೇಡ. ಆ ಪದಕ್ಕೆ ನಮ್ಮ ಜಾತಿಯ ಗಾಯ ಅಂಟಿಕೊಂಡಿದೆ, ಅದನ್ನು ಡಚ್ ಊರಿನ ಮೇಲೆ ಹೊರಿಸಬಾರದು. ಬರೀ ‘ಬೂದಿಯವನು’ ಅಂದರೆ ಬೈರಾಗಿಯೋ ಮಸಣ ಕಾಯುವವನೋ ಅನ್ನಿಸುತ್ತದೆ. ಚಿತ್ರದಲ್ಲಿ ಇಲ್ಲದ ವೈರಾಗ್ಯ ಬಂದು ಕೂರುತ್ತದೆ. ಸದ್ಯಕ್ಕೆ ‘ಬೂದಿಗಾಡಿಯವನು’ ಎಂದಿಟ್ಟುಕೊಂಡಿದ್ದೇನೆ.

ಅವನ ಕೈಯಲ್ಲಿ ‘ರಾಟಲ್’ ಇರುತ್ತದೆ. ಹಿಡಿ ಹಿಡಿದು ತಿರುಗಿಸಿದರೆ ತೆಳು ಮರದ ಪಟ್ಟಿ ಹಲ್ಲಿನ ಚಕ್ರಕ್ಕೆ ಬಡಿದು ಕಟಕಟ ಅನ್ನುತ್ತದೆ. ಗಾಡಿ ಬಂತು, ಕಸ ತನ್ನಿ ಎಂಬ ಕರೆ ಅಷ್ಟೇ. ಅದಕ್ಕೆ ಗೂಢಾರ್ಥ ಹುಡುಕಬೇಕಿಲ್ಲ. ‘ಗಿಲಕಿ’ ಎಂದರೆ ಮಗುವಿನ ಆಟಿಕೆಯಾಗುತ್ತದೆ. ಹೊಲದಲ್ಲಿ ಹಕ್ಕಿ ಓಡಿಸಲು ಇಂಥದ್ದನ್ನು ತಿರುಗಿಸುವುದಿದ್ದರೆ ನಿಮ್ಮ ಕಡೆ ಅದಕ್ಕೆ ಏನು ಹೆಸರು?

ಇನ್ನು, ರೆಕ್ಕೆಯ ಮುದುಕ. ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು, ಮರಳುಗಡಿಯಾರ. ಹೊಸವರ್ಷದ ಹಾಳೆಗಳಲ್ಲಿ ಅವನು ಮತ್ತೆ ಮತ್ತೆ ಬರುತ್ತಾನೆ. ಅವನು ಕಾಲ, ಸರಿ. ಆದರೆ ನಮಗೆ ಕಾಲ ಅಂದರೆ ಯಮನೂ ಹೌದು ಅಲ್ವಾ? ‘ಕಾಲಪುರುಷ’ ಅಂದರೂ ಆ ನೆರಳು ಬಿಡುವುದಿಲ್ಲ. ಶುಭಾಶಯದ ಹಾಳೆಗೆ ಅದು ಜಾಸ್ತಿಯಾಯಿತು. ‘ಕಾಲಜ್ಜ’ ಅಂದರೆ ಹೇಗೆ, ಮಕ್ಕಳ ಕತೆಯಂತೆ ಕೇಳಿಸುತ್ತದೆಯೇ?