ಸಂಶಯದ ಗಂಡನ ಕಿರುಚಿತ್ರ: ಅರ್ಧಕ್ಕ ಗುಟ್ಟು ಬಿಟ್ಟುಕೊಡದಂಗ ಹೆಂಗ ಬರೀಬೇಕ್ರಿ?

ಹಂಚಿನಮನಿ_ಚಿತ್ರ: ನಮಸ್ಕಾರ್ರಿ. 25 ನಿಮಿಷದ ಕಥಿ. ಗಂಡಂದು ಹುಬ್ಬಳ್ಳ್ಯಾಗ ಅಂಗಡಿ, ಹೆಂಡ್ತಿ ದಿನಾ ಚಿಗರಿ ಬಸ್ಸಿನಾಗ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್) ಧಾರವಾಡಕ್ಕ ಕೆಲಸಕ್ಕ ಹೋಗಾಕಿ. ತಡಾ ಮಾಡಿ ಬರೂದು, ಫೋನ್ ಬೋರಲ ಇಡೂದು ನೋಡಿ ಅವಗ ಸಂಶಯ. ಕಡೀಕ ಠಾಣೆಗೆ ಹೋಗಿ ಕೇಸ್ ಹಾಕ್ತಾನ. ಓದಿದವರು 10ನೇ ಪುಟಕ್ಕ 'ಆಕೀದೇನೂ ತಪ್ಪಿಲ್ಲ' ಅಂದುಬಿಡ್ತಾರ. ಎಲ್ಲಿ ಬಿಗಿ ಮಾಡ್ಲಿ? ಹಂಚಿನ ಮನ್ಯಾಗ ರಾತ್ರಿ ಸೀನಿಗೆ ಏನು ನೋಡ್ಕೋಬೇಕು?

ಉಣಕಲ್ಲಕರ: ಹೆಂಡ್ತಿ ಒಬ್ಬಾಕಿನ ಇರೂ ಸೀನ್ ಎಲ್ಲಾ ತಗೀರಿ. ಒಬ್ಬಾಕೀನ ತೋರಿಸಿದ್ರ ಆಕೀ ಮಾರಿ ಮ್ಯಾಲ ಖರೇ ಏನಂತ ಮಂದಿ ಓದಿಬಿಡ್ತಾರ. ಗಂಡಗ ಕಂಡದ್ದಷ್ಟ ಕ್ಯಾಮೆರಾಕ್ಕ ಕಾಣ್ಲಿ. ಬೋರಲ ಫೋನ್ ಭಾಳ ಸವದೈತಿ. ಅದರ ಬದ್ಲಿ ಆಕೀ ಪರ್ಸಿನಾಗ ಒಂದು ಟಿಕೆಟ್ ಇಡ್ರಿ, ಧಾರವಾಡದಿಂದ ಬರಬೇಕಾದಾಕಿ ನಡುವ ಉಣಕಲ್ಲಕೆರಿ ಸ್ಟೇಷನ್ನಿನಾಗ ಹತ್ತಿದ್ದು. ಕೆರಿ ದಂಡಿಗೆ ಯಾರನ್ನರ ಭೆಟ್ಟಿ ಆಗಿರಬಹುದು, ಚಂದ್ರಮೌಳೇಶ್ವರ ಗುಡಿಗೂ ಹೋಗಿರಬಹುದು. ನವನಗರ ಸ್ಟೇಷನ್ ಬ್ಯಾಡ್ರಿ, ಅಲ್ಲೆ ಕ್ಯಾನ್ಸರ್ ಆಸ್ಪತ್ರೆ ಐತಿ ಅಂತ ನಮ್ಮ ಮಂದಿ ತಕ್ಷಣ ಕಥಿ ಹೇಳಿಬಿಡ್ತಾರ.

ಕೋರ್ಟ್‌ಸರ್ಕಲ್: ಠಾಣೆ ಸೀನ್ ಈಗಿನ ಕಾಲಕ್ಕೆ ಸುಳ್ಳಾಗುತ್ತದೆ. ವ್ಯಭಿಚಾರವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿದೆ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧ ಇಲ್ಲ. ಹಳೇ ಕಲಮಿನಲ್ಲಿಯೂ ಶಿಕ್ಷೆ ಇದ್ದದ್ದು ಆ ಇನ್ನೊಬ್ಬ ಗಂಡಸಿಗೆ, ಹೆಂಡತಿಗಲ್ಲ. ನಿಮ್ಮ ನಾಯಕ ಹೋಗಬಹುದಾದ್ದು ಕೌಟುಂಬಿಕ ನ್ಯಾಯಾಲಯಕ್ಕೆ, ಹಿಂದೂ ವಿವಾಹ ಕಾಯ್ದೆ 13(1)(i) ಅಡಿ, ಅದೇ ಕಾರಣ ಕೊಟ್ಟು ವಿಚ್ಛೇದನಕ್ಕೆ. ಅಲ್ಲಿ ಮೊದಲು ರಾಜಿಗೆ ಪ್ರಯತ್ನ ಆಗಬೇಕು. ಇಬ್ಬರಲ್ಲಿ ಒಬ್ಬರು ಕೇಳಿದರೂ ಬಾಗಿಲು ಮುಚ್ಚಿ ವಿಚಾರಣೆ. ಜನ ತುಂಬಿದ ಕೋರ್ಟ್ ಹಾಲ್ ಬಿಡಿ, ಸಮಾಲೋಚಕರ ಕೋಣೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂಡಿಸಿ. ಬಹಳ ಗಟ್ಟಿ ದೃಶ್ಯ ಆಗುತ್ತದೆ.

ಸೌಂಡ್_ಧಾರವಾಡ: ನಮ್ಮ ಕರೆಂಟ್ 50 ಹರ್ಟ್ಜ್, ಅದಕ್ಕ ಬೆಳಕು ಮಿಣುಕದಂಗ ಕ್ಯಾಮೆರಾದಾಗ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡ್ರಿ. ಅಗ್ಗದ ಎಲ್‌ಇಡಿ ಬಲ್ಬ್ ಇದ್ರ ಹಂಗೂ ಚಿತ್ರದಾಗ ಪಟ್ಟಿ ಓಡ್ತಾವು, ಮೊದ್ಲ ಟೆಸ್ಟ್ ಮಾಡ್ರಿ. ಫೋನ್ ಪರದೆ ಬೆಳಕು ಇಳಿಸದಿದ್ರ ಅಕ್ಷರ ಬೆಳ್ಳಗ ಹಾರಿಹೋಗ್ತಾವು. ಮೆಸೇಜ್ ಶಾಟ್ ಬ್ಯಾರೇನ ತಗೀರಿ, ಎರಡು ಸಲ ಗಟ್ಟ್ಯಾಗಿ ಓದೂ ಅಷ್ಟು ಹೊತ್ತು ಹಿಡೀರಿ. ಫ್ಯಾನು, ಫ್ರಿಜ್ ಬಂದ್. ಗಾಡಿ ಕೀಲಿ ಫ್ರಿಜ್ಜಿನಾಗ ಇಟ್ರ ಹೋಗೂಮುಂದ ಚಾಲೂ ಮಾಡೂದು ಮರಿಯೂದಿಲ್ಲ. ಪ್ರತಿ ಖೋಲಿದು 30 ಸೆಕೆಂಡ್ ಖಾಲಿ ಸದ್ದು ರೆಕಾರ್ಡ್ ಮಾಡ್ಕೋರಿ, ಎಡಿಟಿಂಗದಾಗ ಮಾತಿನ ನಡುವಿನ ಗ್ಯಾಪ್ ಅದ ತುಂಬ್ತದ. ಮಳಿಗಾಲದಾಗ ಹಂಚಿನ ಮ್ಯಾಲಿನ ಸಪ್ಪಳಕ್ಕ ಪಿಸುಮಾತು ಸಿಗೂದಿಲ್ಲ.

ಹಂಚಿನಮನಿ_ಚಿತ್ರ: ಠಾಣೆ ಸೀನ್ ತಗದೆ. ಆದ್ರ ಟಿಕೆಟ್ ಸಿಕ್ಕ ಮ್ಯಾಲ ಅವ ಆಕೀನ ಸೀದಾ ಯಾಕ ಕೇಳೂದಿಲ್ಲ ಅಂತ ಮಂದಿ ಕೇಳ್ತಾರಲ್ರಿ?

ಉಣಕಲ್ಲಕರ: ಕೇಳಿದ್ರ ಪರ್ಸ್ ಹುಡುಕಿದ್ದು ಒಪ್ಕೋಬೇಕಾಗ್ತೈತಿ. ಅದಕ್ಕ ಅವ ಟಿಕೆಟ್ ಮಡಚಿದ್ದಂಗ ಮಡಚಿ ತಿರುಗಿ ಇಡ್ಲಿ, ಮರುದಿನ 'ಬಸ್ ಭಾಳ ರಶ್ ಇತ್ತೇನ?' ಅಂತ ಸುತ್ತುಬಳಸಿ ಕೇಳ್ಲಿ. ಆಮ್ಯಾಲ ಅವ್ವನ ಮುಂದ ಬಾಯಿ ಬಿಡ್ಲಿ. ಮನೀ ಮಂದಿಗೆ ಗೊತ್ತಾದ ಮ್ಯಾಲ ಅವ ಹಿಂದ ಸರಿಯಾಕ ಬರೂದಿಲ್ಲ. ಆ ಸೀನ್ 15ನೇ ನಿಮಿಷದೊಳಗ ಬಂದುಬಿಡಬೇಕ್ರಿ.