ಗಯಾನಾದ 1763ರ ಸ್ಮಾರಕ ನೋಡಲು ಹೊರಟವರಿಗೆ, ಹೋಗಿಬಂದವರ ಮಾತು

ಕೇಳಿದವರು

ಯಜಮಾನರ ಕೆಲಸದ ನಿಮಿತ್ತ ಮುಂದಿನ ತಿಂಗಳು ದಕ್ಷಿಣ ಅಮೆರಿಕದ ಗಯಾನಾ ದೇಶಕ್ಕೆ ಹೊರಟಿದ್ದೇವೆ. ಅವರಿಗೆ ಅಲ್ಲಿ ತೈಲ ಕ್ಷೇತ್ರದ ಕೆಲಸ. ಒಂದು ವಾರ ನಾನು, ಒಂಬತ್ತನೇ ತರಗತಿಯ ಮಗಳು, ಎಪ್ಪತ್ತು ದಾಟಿದ ಮಾವನವರು ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ಇರುತ್ತೇವೆ. 1763ರ ಗುಲಾಮರ ದಂಗೆಯ ನೆನಪಿಗೆ ಅಲ್ಲೊಂದು ದೊಡ್ಡ ಕಂಚಿನ ಪ್ರತಿಮೆ ಇದೆಯಂತೆ. ಹೋಗುವಷ್ಟು ಅದರಲ್ಲಿ ಏನಿದೆ? ಎಷ್ಟು ಹೊತ್ತು ಬೇಕು? ಮಗಳನ್ನು ಕರೆದುಕೊಂಡು ಹೋಗುವ ಮೊದಲು ಅವಳಿಗೆ ಏನು ಹೇಳಿರಬೇಕು? ಕಂಡವರು ದಯವಿಟ್ಟು ತಿಳಿಸಿ.

ಜಾರ್ಜ್‌ಟೌನ್‌ನಲ್ಲಿ ಕೆಲಸ ಮಾಡಿದವರು

ಖಂಡಿತ ಹೋಗಿ ಮೇಡಂ. ಆದರೆ ಕಾರಿನಿಂದ ಇಳಿದು, ಒಂದು ಫೋಟೊ ತೆಗೆದು ಹತ್ತಿಬಿಡುವ ಜಾಗ ಅದಲ್ಲ. ಹಾಗೆ ಮಾಡಿದವರೆಲ್ಲ "ವಿಚಿತ್ರ ಪ್ರತಿಮೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಊರಿನವರು ಅದನ್ನು ದಂಗೆಯ ಮುಂದಾಳಿನ ಹೆಸರಿನಿಂದ "ಕಫಿ" ಎಂದೇ ಕರೆಯುತ್ತಾರೆ. ಟ್ಯಾಕ್ಸಿಯವರಿಗೂ ಹಾಗೆ ಹೇಳಿದರೆ ಸಾಕು. ವ್ಲಿಸ್ಸಿಂಗೆನ್ ರಸ್ತೆಯ ಪಕ್ಕದ ಸ್ಕ್ವೇರ್ ಆಫ್ ದಿ ರೆವಲ್ಯೂಷನ್ ಎಂಬ ಬಯಲಿನಲ್ಲಿದೆ. ಅಧ್ಯಕ್ಷರ ಕಚೇರಿ, ಸಸ್ಯೋದ್ಯಾನ, ಕ್ಯಾಸ್ಟೆಲಾನಿ ಹೌಸ್ ಎಂಬ ರಾಷ್ಟ್ರೀಯ ಕಲಾ ಗ್ಯಾಲರಿ ಎಲ್ಲವೂ ಹತ್ತಿರದಲ್ಲಿವೆ. ಒಂದು ಬೆಳಗ್ಗೆ ಇಷ್ಟನ್ನೂ ಸೇರಿಸಿಕೊಳ್ಳಬಹುದು.

ಪ್ರತಿಮೆ ಸುಮಾರು 15 ಅಡಿ ಎತ್ತರವಿದೆ. ಅದರ ಕೆಳಗಿನ ಪೀಠ ಅದಕ್ಕಿಂತಲೂ ಎತ್ತರ. ಮಾಡಿದವರು ಫಿಲಿಪ್ ಮೂರ್. ದಂಗೆ ನಡೆದ ಬರ್ಬೀಸ್ ಸೀಮೆಯವರೇ, ಯಾವ ಕಲಾಶಾಲೆಯ ನೆರವೂ ಇಲ್ಲದೆ ತಾವೇ ಕಲಿತ ಕಲಾವಿದರು. 1976ರ ಮೇ 23ರಂದು ಅನಾವರಣವಾದಾಗ ಊರಿನ ಅನೇಕರು ಮುಖ ತಿರುಗಿಸಿದರಂತೆ. ವೀರನೆಂದರೆ ಕುದುರೆಯ ಮೇಲೆ ಕತ್ತಿ ಹಿಡಿದಿರಬೇಕು, ಇದೇನು ಕುಳ್ಳಗೆ, ದಪ್ಪಗೆ, ಮೈತುಂಬ ಮುಖಗಳನ್ನು ಹೊತ್ತು ನಿಂತಿದೆ ಎಂದು ಟೀಕಿಸಿದವರು ಬಹಳ. ಆ ಟೀಕೆಯನ್ನು ನಾನು ಒಪ್ಪುವುದಿಲ್ಲ. ಯುರೋಪಿನ ಸೇನಾಪತಿಗಳ ಪ್ರತಿಮೆಯ ಹಾಗೆ ಕಫಿಯನ್ನು ಕೆತ್ತಿದ್ದರೆ ಅವನ ಕಥೆಗೇ ದ್ರೋಹವಾಗುತ್ತಿತ್ತು. ಮೂರ್ ಆಫ್ರಿಕಾದ ಶಿಲ್ಪಗಳ ರೀತಿಯನ್ನು ಹಿಡಿದರು, ಅದೇ ಸರಿ.

ಹತ್ತಿರ ಹೋಗಿ ನೋಡಬೇಕಾದದ್ದು ಇದು: ತುಟಿಗಳು ಮುಂದಕ್ಕೆ ಚಾಚಿಕೊಂಡಿವೆ, "ನಿನ್ನ ಮಾತು ಕೇಳುವುದಿಲ್ಲ" ಎನ್ನುವ ಧಿಕ್ಕಾರ ಆ ಬಾಯಿಯಲ್ಲಿದೆ. ಎದೆಯ ಮೇಲೆ ಇನ್ನೊಂದು ಮುಖವಿದೆ, ಅದು ಎದೆಗವಚ. ತೊಡೆಗಳ ಮೇಲೂ ಮುಖಗಳಿವೆ, ಅವು ಗಯಾನಾದ ಇತಿಹಾಸದ ಇತರ ಹೋರಾಟಗಾರರದ್ದು. ಕೈಗಳನ್ನು ತಪ್ಪದೆ ನೋಡಿ. ಒಂದರಲ್ಲಿ ಹಂದಿ, ಇನ್ನೊಂದರಲ್ಲಿ ನಾಯಿ, ಎರಡರ ಕುತ್ತಿಗೆಯನ್ನೂ ಹಿಸುಕುತ್ತಿದ್ದಾನೆ. ಹಂದಿ ಅಜ್ಞಾನಕ್ಕೆ, ನಾಯಿ ದುರಾಸೆಗೆ ಗುರುತು. ಪೀಠದ ಸುತ್ತ ಕಂಚಿನ ಫಲಕಗಳಿವೆ: ಸ್ಫೂರ್ತಿಯನ್ನು ಅರಸುವುದು, ಜನರನ್ನು ಒಗ್ಗೂಡಿಸುವುದು, ಶತ್ರುವನ್ನು ನಾಶಮಾಡುವುದು ಎಂದು ಕಥೆ ಹಂತಹಂತವಾಗಿ ಸಾಗುತ್ತದೆ. ಮಗಳಿಗೆ ಹೇಳಿ, ಮುಂದೆ ನಿಂತು ನೋಡಿ ಮುಗಿಸದೆ ಪೂರ್ತಿ ಒಂದು ಸುತ್ತು ಬರಲಿ. ನಿಧಾನವಾಗಿ ನೋಡಲು ಮುಕ್ಕಾಲು ಗಂಟೆಯಾದರೂ ಬೇಕು.

ಬೆಳಗ್ಗೆ ಎಂಟು ಗಂಟೆಯ ಒಳಗೆ ಹೋಗಿ. ಬಯಲು ಬಿಸಿಲಿಗೆ ತೆರೆದುಕೊಂಡಿದೆ, ಹತ್ತು ಗಂಟೆಯ ಮೇಲೆ ನಿಮ್ಮ ಮಾವನವರಿಗೆ ಕಷ್ಟವಾಗುತ್ತದೆ. ಕತ್ತಲಾದ ಮೇಲೆ ಆ ಕಡೆ ನಡೆದುಕೊಂಡು ಹೋಗುವುದು ಬೇಡ.

ನಿವೃತ್ತ ಇತಿಹಾಸ ಮೇಷ್ಟ್ರು

ಮಗಳ ಮನೆಗೆ ಹೋದಾಗ ನಾನೂ ನೋಡಿ ಬಂದವನು. ಮೇಲಿನವರು ಕಲೆಯ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಕಥೆಯನ್ನು ಹೇಳುತ್ತೇನೆ, ಏಕೆಂದರೆ ಪ್ರತಿಮೆ ತಾನಾಗಿ ಅದನ್ನು ಹೇಳುವುದಿಲ್ಲ.

ಆಗ ಬರ್ಬೀಸ್ ಡಚ್ಚರ ವಸಾಹತು. ನದಿಯ ಎರಡೂ ದಡಗಳಲ್ಲಿ ಸಕ್ಕರೆ, ಕಾಫಿ, ಕೋಕೋ ತೋಟಗಳು. ಬಿಳಿಯರು ಸುಮಾರು 350 ಮಂದಿ, ಗುಲಾಮರು ಅವರ ಹತ್ತು ಪಟ್ಟಿಗೂ ಹೆಚ್ಚು. 1763ರ ಫೆಬ್ರವರಿ 23ರಂದು ಕಾಂಜಿ ನದಿಯ ಮ್ಯಾಗ್ಡಲೆನೆನ್‌ಬರ್ಗ್ ತೋಟದಲ್ಲಿ ದಂಗೆ ಎದ್ದಿತು. ಕೆಲವೇ ದಿನಗಳಲ್ಲಿ ಬರ್ಬೀಸ್ ನದಿಯ ತೋಟಗಳಿಗೂ ಹಬ್ಬಿತು. ಲಿಲಿಯೆನ್‌ಬರ್ಗ್ ತೋಟದಲ್ಲಿ ಪೀಪಾಯಿ ಕಟ್ಟುತ್ತಿದ್ದ ಕಫಿ ಮುಂದಾಳಾದ. ಡಚ್ಚರು ತಮ್ಮ ಫೋರ್ಟ್ ನಸಾವ್ ಕೋಟೆಗೆ ತಾವೇ ಬೆಂಕಿ ಹಚ್ಚಿ ನದಿಯ ಕೆಳಗಿನ ಭಾಗಕ್ಕೆ ಓಡಿದರು. ಕಫಿ ತನ್ನನ್ನು ಬರ್ಬೀಸಿನ ಗವರ್ನರ್ ಎಂದು ಕರೆದುಕೊಂಡು ಡಚ್ ಗವರ್ನರ್ ವಾನ್ ಹೊಗೆನ್‌ಹೈಮ್‌ಗೆ ಪತ್ರ ಬರೆಸಿದ. ವಸಾಹತನ್ನು ಇಬ್ಭಾಗ ಮಾಡೋಣ, ಮೇಲಿನ ಭಾಗ ನಮಗಿರಲಿ, ಕೆಳಗಿನದು ನಿಮಗಿರಲಿ, ನಾವು ಮತ್ತೆ ಗುಲಾಮರಾಗುವುದಿಲ್ಲ ಎಂಬುದು ಅದರ ಸಾರ. ಗುಲಾಮರ ದಂಗೆಗಳಲ್ಲಿ ಹೆಸರಾದ ಹೈಟಿಯ ದಂಗೆ ಆರಂಭವಾದದ್ದು 1791ರಲ್ಲಿ. ಅದಕ್ಕೂ ಸುಮಾರು ಮೂರು ದಶಕ ಹಿಂದೆ ಒಬ್ಬ ಗುಲಾಮ ಗವರ್ನರನಿಗೆ ಗವರ್ನರನಾಗಿಯೇ ಪತ್ರ ಕಳುಹಿಸುತ್ತಾನೆ! ಇದನ್ನು ತಿಳಿದು ಆ ಪ್ರತಿಮೆಯ ಮುಂದೆ ನಿಂತರೆ ಅದು ಬೇರೆಯಾಗಿಯೇ ಕಾಣುತ್ತದೆ.

ಗವರ್ನರ್ ಮಾತುಕತೆಯನ್ನು ಎಳೆಯುತ್ತ ಸೇನೆ ಬರುವುದನ್ನು ಕಾದ. ಸೇನೆ ಬಂದಿತು. ಹತ್ತು ತಿಂಗಳಿಗೂ ಹೆಚ್ಚು ಕಾಲ ನಿಂತ ದಂಗೆ 1764ರಲ್ಲಿ ಮುರಿದುಬಿದ್ದಿತು.

ಕೇಳಿದವರು

ಇಬ್ಬರಿಗೂ ನಮಸ್ಕಾರ. ಸೋತ ಮೇಲೆ ಏನಾಯಿತು ಎಂಬುದನ್ನು ಮಗಳಿಗೆ ಹೇಳಬೇಕೇ? ಅವಳು ಸ್ವಲ್ಪ ಮೃದು ಸ್ವಭಾವದವಳು. ಧೈರ್ಯದ ಭಾಗವನ್ನಷ್ಟೇ ಹೇಳಿ ಉಳಿದದ್ದನ್ನು ಮುಂದೆ ಅವಳೇ ಓದಿಕೊಳ್ಳಲಿ ಎಂದುಕೊಂಡಿದ್ದೆ.

ನಿವೃತ್ತ ಇತಿಹಾಸ ಮೇಷ್ಟ್ರು

ಹೇಳಿ ತಾಯಿ. ಈ ವಯಸ್ಸಿನ ಮಕ್ಕಳಿಗೆ ನಾನು ಜೀವಮಾನವಿಡೀ ಪಾಠ ಮಾಡಿದವನು. ಅರ್ಧ ಕಥೆ ಕೇಳಿದ ಮಕ್ಕಳು ಉಳಿದರ್ಧ ಗೊತ್ತಾದಾಗ ಹೇಳಿದವರನ್ನೇ ನಂಬುವುದಿಲ್ಲ. ಶಿಕ್ಷೆಗಳ ವಿವರಕ್ಕೆ ಹೋಗಬೇಕಾಗಿಲ್ಲ. ನೂರಕ್ಕೂ ಹೆಚ್ಚು ಜನರನ್ನು ಕ್ರೂರವಾಗಿ ಕೊಂದರು ಎಂದರೆ ಅವಳಿಗೆ ಅರ್ಥವಾಗುತ್ತದೆ.

ಶಿಕ್ಷೆಗಿಂತಲೂ ಕಠಿಣವಾದ ಭಾಗ ಬೇರೆ ಇದೆ, ಅದನ್ನು ಮಾತ್ರ ಬಿಡಬೇಡಿ. ಬಂಡುಕೋರರು ತಮ್ಮೊಳಗೇ ಒಡೆದರು. ಸಂಧಿಗೆ ಒಲಿದ ಕಫಿಗೂ ಅದನ್ನು ಒಪ್ಪದ ಆಟಾ ಎಂಬ ಇನ್ನೊಬ್ಬ ಮುಂದಾಳಿಗೂ ಕಾಳಗವಾಗಿ, ಸೋತ ಕಫಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಮೊದಲು ಕಫಿಯ ದಳಪತಿಯಾಗಿದ್ದ ಅಕಾರಾ ಕೊನೆಗೆ ಡಚ್ಚರ ಪಕ್ಷ ಸೇರಿ ಆಟಾನನ್ನು ಹಿಡಿಯಲು ನೆರವಾದ. ಅಲ್ಲಿನ ಮೂಲನಿವಾಸಿಗಳೂ ಡಚ್ಚರ ಪರವಾಗಿ ಹೋರಾಡಿದರು. ಎರಡೂ ಕಡೆ ಸಿಕ್ಕಿಹಾಕಿಕೊಂಡು ಸುಮ್ಮನೆ ಜೀವ ಉಳಿಸಿಕೊಂಡರೆ ಸಾಕೆಂದವರೂ ಬಹಳ ಮಂದಿ ಇದ್ದರು. ಸೆರೆಸಿಕ್ಕ ನೂರಾರು ಗುಲಾಮರು ವಿಚಾರಣೆಯಲ್ಲಿ ನೀಡಿದ ಹೇಳಿಕೆಗಳು ಇಂದಿಗೂ ನೆದರ್ಲೆಂಡ್ಸ್‌ನ ಪತ್ರಾಗಾರದಲ್ಲಿವೆ. ಅಂದಿನ ಸಾಮಾನ್ಯರ ಮಾತು ಹೀಗೆ ದಾಖಲೆಯಾಗಿ ಉಳಿದಿರುವುದು ಅಪರೂಪ. ಪ್ರತಿಮೆ ಒಬ್ಬನದು, ದಂಗೆ ಸಾವಿರಾರು ಜನರದು ಎಂದು ಮಗಳಿಗೆ ಹೇಳಿ. ಇಷ್ಟು ತಿಳಿದ ಮೇಲೆ ಕಫಿಯ ಮೇಲಿನ ನನ್ನ ಗೌರವ ಹೆಚ್ಚಾಯಿತು, ಕಡಿಮೆಯಾಗಲಿಲ್ಲ.

ಟ್ರಿನಿಡಾಡ್‌ನಿಂದ ಹೋಗಿಬಂದವರು

ಅಕ್ಕ, ಕಫಿಯೊಂದನ್ನೇ ನೋಡಿ ಬರಬೇಡಿ. ಅದೇ ಊರಿನಲ್ಲಿ 1823ರ ದಂಗೆಯ ಸ್ಮಾರಕವೂ ಇದೆ. ಭಾರತೀಯರಾದ ನಮಗೆ ನೇರವಾಗಿ ತಟ್ಟುವುದು ಆ ಕಥೆಯೇ.

ಅಷ್ಟರಲ್ಲಿ ವಸಾಹತುಗಳು ಬ್ರಿಟಿಷರ ಕೈಗೆ ಬಂದಿದ್ದವು. ಲಂಡನ್ನಿನಲ್ಲಿ ರಾಜರು ಬಿಡುಗಡೆ ಕೊಟ್ಟಿದ್ದಾರೆ, ತೋಟದ ಒಡೆಯರು ಮುಚ್ಚಿಟ್ಟಿದ್ದಾರೆ ಎಂಬ ಸುದ್ದಿ ಗುಲಾಮರಲ್ಲಿ ಹರಡಿತು. 1823ರ ಆಗಸ್ಟ್ 18ರಂದು, ಜಾರ್ಜ್‌ಟೌನ್ ಇರುವ ಡೆಮೆರಾರಾ ಸೀಮೆಯ ಪೂರ್ವ ಕರಾವಳಿಯಲ್ಲಿ ಸಾವಿರಾರು ಜನ ಎದ್ದುನಿಂತರು. ಜಾಕ್ ಗ್ಲಾಡ್‌ಸ್ಟನ್ ಮತ್ತು ಅವನ ತಂದೆ ಕ್ವಾಮಿನಾ ಅದರ ಮುಖ್ಯರು. ಸೇಡು ತೀರಿಸಿಕೊಳ್ಳುವುದಕ್ಕಿಂತ ಒಡೆಯರನ್ನು ಕೂಡಿಹಾಕಿ ಹಕ್ಕು ಕೇಳುವುದೇ ಅವರ ಉದ್ದೇಶವಾಗಿತ್ತು. ಉತ್ತರವಾಗಿ ಬಂದದ್ದು ಗುಂಡು. ನೂರಾರು ಜನ ಸತ್ತರು. ಕ್ವಾಮಿನಾನನ್ನು ಕೊಂದು, ಅವನ ಶವವನ್ನು ಸಕ್ಸೆಸ್ ತೋಟದ ಮುಂದೆ ಸರಪಳಿಯಲ್ಲಿ ನೇತುಹಾಕಿದರು. ಆ ತೋಟದ ಒಡೆಯ ಜಾನ್ ಗ್ಲಾಡ್‌ಸ್ಟನ್. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ನ ತಂದೆ. ಜಾಕ್‌ಗೆ ಬಂದ ಹೆಸರೂ ಆ ಒಡೆಯನದೇ.

ಈಗ ಮುಂದಿನದನ್ನು ಗಮನಿಸಿ. 1834ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಕಬ್ಬು ಕಡಿಯಲು ಅಗ್ಗದ ಕೈಗಳು ಬೇಕೆಂದು ಭಾರತದತ್ತ ಕಣ್ಣು ಹಾಯಿಸಿದವನು ಇದೇ ಜಾನ್ ಗ್ಲಾಡ್‌ಸ್ಟನ್. 1838ರ ಮೇ 5ರಂದು ವಿಟ್ಬಿ ಮತ್ತು ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಕರಾರಿನ ಕೂಲಿಗಳನ್ನು ತಂದು ಇಳಿಸಿದವು. ಗುಲಾಮರು ತೆರವು ಮಾಡಿದ ವಸತಿಗಳಲ್ಲೇ ನಮ್ಮವರು ಮಲಗಿದರು. 1917ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಗಯಾನಾಕ್ಕೆ ಹೋದರು. ಬಹುಪಾಲು ಬಿಹಾರ, ಉತ್ತರಪ್ರದೇಶದ ಕಡೆಯವರು. ಮದರಾಸಿನಿಂದಲೂ ಹಡಗುಗಳು ಹೊರಟಿದ್ದವು, ಅವರ ಸಂತತಿಯವರು ಇಂದಿಗೂ ಅಲ್ಲಿ ಮಾರಿಯಮ್ಮನನ್ನು ಪೂಜಿಸುತ್ತಾರೆ. ಡೋಲಿನ ಸದ್ದಿನ ನಡುವೆ ಆ ಹೆಸರು ಕೇಳಿದಾಗ ನನಗೆ ಮೈ ಜುಂ ಎಂದಿತು.

ಹಾಗಾಗಿ ಆ ಎರಡು ದಂಗೆಗಳು "ಅವರ" ಇತಿಹಾಸ ಎಂದು ನನಗೆ ಅನ್ನಿಸುವುದೇ ಇಲ್ಲ. 2023ರಲ್ಲಿ, ದಂಗೆಯ ಇನ್ನೂರನೆಯ ವರ್ಷದಲ್ಲಿ, ಗ್ಲಾಡ್‌ಸ್ಟನ್ ವಂಶದವರು ಗಯಾನಾಕ್ಕೆ ಬಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಗುಲಾಮಗಿರಿಗಾಗಿಯೂ ಕೇಳಿದರು, ಕರಾರು ಕೂಲಿಗಾಗಿಯೂ ಕೇಳಿದರು.

1823ರ ಸ್ಮಾರಕ ಇರುವುದು ಕಿಟ್ಟಿ ಬಡಾವಣೆಯ ಬಳಿ, ಸಮುದ್ರದ ತಡೆಗೋಡೆಯ ರಸ್ತೆಯಲ್ಲಿ. ಐವರ್ ಥಾಮ್ ಎಂಬ ಶಿಲ್ಪಿಯದು, 2013ರಲ್ಲಿ ಅನಾವರಣವಾಯಿತು. ಅದನ್ನು ಅಲ್ಲಿ ನಿಲ್ಲಿಸಿದ್ದಕ್ಕೆ ಆಫ್ರಿಕನ್ ಮೂಲದ ಸಂಘಟನೆಗಳು ಪ್ರತಿಭಟಿಸಿದ್ದವು. ಬಂಡುಕೋರರನ್ನು ಕೊಂದದ್ದು ನಗರದ ಪರೇಡ್ ಗ್ರೌಂಡ್‌ನಲ್ಲಿ, ಸ್ಮಾರಕವೂ ಅಲ್ಲೇ ಇರಬೇಕು ಎಂಬುದು ಅವರ ವಾದ. ಅವರ ಮಾತೇ ನ್ಯಾಯ ಎಂದು ನನ್ನ ಅಭಿಪ್ರಾಯ. ಪರೇಡ್ ಗ್ರೌಂಡ್ ಈಗ ಇಂಡಿಪೆಂಡೆನ್ಸ್ ಪಾರ್ಕ್, ಹುಡುಗರು ಚೆಂಡಾಡುವ ಮೈದಾನ. ಎರಡನ್ನೂ ನೋಡಿ. ಕ್ಯಾಂಪ್ ಸ್ಟ್ರೀಟ್‌ನಲ್ಲಿ ವಿಟ್ಬಿ ಹಡಗಿನ ಮಾದರಿ ಇರುವ ಸಣ್ಣ ಉದ್ಯಾನವಿದೆ, ಅದನ್ನೂ ಸೇರಿಸಿಕೊಂಡರೆ ನಿಮ್ಮ ಮಾವನವರಿಗೆ ಕಥೆಯ ಕೊಂಡಿ ತಾನಾಗಿ ಸಿಗುತ್ತದೆ.

ಜಾರ್ಜ್‌ಟೌನ್‌ನಲ್ಲಿ ಕೆಲಸ ಮಾಡಿದವರು

ಒಳ್ಳೆಯ ಸಲಹೆ. ದಾರಿಯನ್ನು ಹೀಗೆ ಇಟ್ಟುಕೊಳ್ಳಿ: ಬೆಳಗ್ಗೆ ಮೊದಲು ಕಫಿ, ಬಿಸಿಲೇರಿದ ಮೇಲೆ ಕ್ಯಾಸ್ಟೆಲಾನಿ ಹೌಸ್, ಊಟ, ವಿಶ್ರಾಂತಿ, ಸಂಜೆ ನಾಲ್ಕರ ಮೇಲೆ ಪರೇಡ್ ಗ್ರೌಂಡ್, ಕೊನೆಗೆ ತಡೆಗೋಡೆಯ ಬಳಿಯ 1823ರ ಸ್ಮಾರಕ. ಸಂಜೆ ಅಲ್ಲಿ ಗಾಳಿಗೆ ಬಂದವರು ತುಂಬಿರುತ್ತಾರೆ, ಅದರಲ್ಲೂ ಭಾನುವಾರ. ದಿನಕ್ಕೆಂದು ಒಂದೇ ಟ್ಯಾಕ್ಸಿಯನ್ನು ಗೊತ್ತುಮಾಡಿಕೊಂಡು ದರವನ್ನು ಮೊದಲೇ ಮಾತಾಡಿಕೊಳ್ಳಿ, ಹಿರಿಯರು ಜೊತೆಗಿರುವಾಗ ಅದೇ ಅನುಕೂಲ. ಮೇಯಿಂದ ಜುಲೈ, ಡಿಸೆಂಬರ್‌ನಿಂದ ಜನವರಿ ಮಳೆಗಾಲ. ಊರು ಸಮುದ್ರದ ಮಟ್ಟಕ್ಕಿಂತ ಕೆಳಗಿರುವುದರಿಂದ ಜೋರು ಮಳೆಗೆ ಬೀದಿಗಳಲ್ಲಿ ನೀರು ನಿಲ್ಲುತ್ತದೆ.

ಫೆಬ್ರವರಿ 23 ಅಲ್ಲಿನ ಗಣರಾಜ್ಯೋತ್ಸವ. ದಂಗೆಯ ದಿನವನ್ನೇ ಅದಕ್ಕೆ ಆರಿಸಿಕೊಂಡರು. ಆ ದಿನ ಮಶ್ರಮಾನಿ ಎಂಬ ಮೆರವಣಿಗೆಯ ಗದ್ದಲ ಬಹಳ, ಸ್ಮಾರಕವನ್ನು ಸಮಾಧಾನವಾಗಿ ನೋಡಲು ಆಗುವುದಿಲ್ಲ.

ದಂಗೆ ನಡೆದ ನೆಲವನ್ನೇ ನೋಡಬೇಕೆಂದು ಮೇಷ್ಟ್ರ ಮಾತು ಕೇಳಿ ನಿಮಗೆ ಅನ್ನಿಸಿರಬಹುದು. ಫೋರ್ಟ್ ನಸಾವ್‌ನ ಅವಶೇಷಗಳು ಬರ್ಬೀಸ್ ನದಿಯಲ್ಲಿ ಬಹಳ ಮೇಲಕ್ಕಿವೆ, ದೋಣಿಯ ದೀರ್ಘ ಪ್ರಯಾಣ. ಈ ಸಲ ಹಿರಿಯರೊಂದಿಗೆ ಅದು ಬೇಡ. ಅದರ ಬದಲು ಪೂರ್ವ ಕರಾವಳಿಯ ರಸ್ತೆಯಲ್ಲಿ ಕಾರಿನಲ್ಲಿ ಹೋದರೆ ಲ ರೆಸುವೆನಿರ್, ಸಕ್ಸೆಸ್ ಎಂಬ ಊರ ಫಲಕಗಳು ಒಂದಾದ ಮೇಲೊಂದು ಬರುತ್ತವೆ. 1823ರ ತೋಟಗಳೇ ಇಂದಿನ ಹಳ್ಳಿಗಳು. ಅರ್ಧ ದಿನದೊಳಗೆ ಹೋಗಿ ಬರಬಹುದು.

ಕೇಳಿದವರು

ಎಲ್ಲರಿಗೂ ಕೃತಜ್ಞತೆ. ಮೇಷ್ಟ್ರು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಪತ್ರವನ್ನು ಕಫಿ ಯಾರಿಂದ ಬರೆಸಿದ, ಯಾವ ಭಾಷೆಯಲ್ಲಿ ಎಂದು ಕೇಳುತ್ತಿದ್ದಾಳೆ.

ನಿವೃತ್ತ ಇತಿಹಾಸ ಮೇಷ್ಟ್ರು

ಡಚ್ ಭಾಷೆಯಲ್ಲಿ. ಅವನು ಹೇಳುತ್ತ ಹೋದ, ಅಕ್ಷರ ಬಲ್ಲ ಬೇರೆಯವರು ಬರೆದುಕೊಟ್ಟರು. ಒಳ್ಳೆಯ ಪ್ರಶ್ನೆ ಕೇಳಿದಳು. ಅವಳಿಗೆ ನನ್ನ ಆಶೀರ್ವಾದ ತಿಳಿಸಿ, ನೋಡಿ ಬಂದ ಮೇಲೆ ಅವಳಿಗೆ ಏನನ್ನಿಸಿತೆಂದು ಇಲ್ಲಿಯೇ ಬರೆಯಲಿ.